ಕೊಟ್ಟ ಮುಡಿ, ಉದುರಿದ ಕೂದಲು

ಕೂದಲನ್ನು ಮನಸಾರೆ ಬಿಟ್ಟುಕೊಡುವುದೂ ಅದು ಮನಸ್ಸಿಗೆ ವಿರುದ್ಧವಾಗಿ ಬಿಟ್ಟುಹೋಗುವುದೂ ಹೊರನೋಟಕ್ಕೆ ಬೋಳುತಲೆಯೆಂಬ ಒಂದೇ ಫಲವನ್ನು ಕೊಡುತ್ತವೆಯಾದರೂ, ಧರ್ಮಚಿಂತನೆ ಮೊದಲಿನಿಂದಲೂ ಇವೆರಡನ್ನು ಬೇರೆಬೇರೆಯಾಗಿಯೇ ಕಂಡಿದೆ. ಕೊಪ್ಪಳ ಸೀಮೆಯಲ್ಲಿ ಇದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತುಂಗಭದ್ರೆಯ ದಡದ ಹುಲಿಗಿಯಲ್ಲಿ ಹರಕೆ ಹೊತ್ತವರು ಹುಲಿಗೆಮ್ಮನ ಸನ್ನಿಧಿಗೆ ಬಂದು ಮಕ್ಕಳ ಜವಳ ತೆಗೆಸುತ್ತಾರೆ. ಅದೇ ಅಮ್ಮನ ಸೇವೆಗೆ ನಿಂತ ಜೋಗಪ್ಪಂದಿರ ನಡುವೆ ತಾನಾಗಿ ಗಂಟುಗಟ್ಟಿದ ಜಡೆಯನ್ನು ದೇವಿಯ ಕರೆಯೆಂದು ತಿಳಿದು ಅದಕ್ಕೆ ಕತ್ತರಿ ತಾಗಿಸದೆ ಉಳಿಸಿಕೊಳ್ಳುತ್ತಾರೆ. ಒಬ್ಬರಲ್ಲಿ ಕೂದಲು ಕಾಣಿಕೆ, ಇನ್ನೊಬ್ಬರಲ್ಲಿ ಅದು ಗುರುತು. ಆದರೆ ಇಪ್ಪತ್ತೈದು ದಾಟುವ ಮೊದಲೇ ಹಣೆ ಹಿಂದಕ್ಕೆ ಸರಿದು ನೆತ್ತಿ ಬಯಲಾಗುತ್ತಿರುವ ಗಂಗಾವತಿಯ ಅಥವಾ ಕುಷ್ಟಗಿಯ ಯುವಕನ ನಷ್ಟ ಇವೆರಡರಲ್ಲಿ ಯಾವುದೂ ಅಲ್ಲ. ಆ ನಷ್ಟವನ್ನು ತಡೆಯಲು ದೇಹದೊಳಗಿನ ಹಾರ್ಮೋನಿಗೇ ಅಡ್ಡಗಟ್ಟುವ ಮಾತ್ರೆಯೊಂದು ದೊರೆಯುತ್ತಿರುವಾಗ, ಅದನ್ನು ನುಂಗುವುದು ದೇಹದ ಸಹಜಧರ್ಮಕ್ಕೆ ವಿರೋಧವೇ ಎಂಬ ಪ್ರಶ್ನೆ ವೈದ್ಯಕ್ಕಷ್ಟೇ ಸೇರಿದ್ದಲ್ಲ.

ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಾದರೆ ಆ ಮಾತ್ರೆ ಮಾಡುವ ಕೆಲಸವನ್ನು ಮೊದಲು ತಿಳಿಯಬೇಕು. ಗಂಡಸಿನ ದೇಹದ ಮುಖ್ಯ ಹಾರ್ಮೋನಾದ ಟೆಸ್ಟೋಸ್ಟೆರಾನಿನ ಒಂದು ಪಾಲನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವು, ಅಂದರೆ ರಾಸಾಯನಿಕ ಬದಲಾವಣೆಯನ್ನು ಚುರುಕುಗೊಳಿಸುವ ಪ್ರೋಟೀನು, ಅದಕ್ಕಿಂತ ಪ್ರಬಲವಾದ ಡೈಹೈಡ್ರೋಟೆಸ್ಟೋಸ್ಟೆರಾನ್ ಅಥವಾ ಡಿಎಚ್‌ಟಿಯಾಗಿ ಮಾರ್ಪಡಿಸುತ್ತದೆ. ವಂಶದಿಂದ ಬಂದ ಒಲವಿರುವವರಲ್ಲಿ ಹಣೆಯ ಅಂಚಿನ ಮತ್ತು ನೆತ್ತಿಯ ರೋಮಕೂಪಗಳು ಈ ಡಿಎಚ್‌ಟಿಗೆ ಸೂಕ್ಷ್ಮವಾಗಿರುವುದರಿಂದ, ಎರಡರಿಂದ ಆರು ವರ್ಷ ನಡೆಯಬೇಕಾದ ಕೂದಲಿನ ಬೆಳವಣಿಗೆಯ ಅವಧಿ ಅಲ್ಲಿ ಸುತ್ತಿನಿಂದ ಸುತ್ತಿಗೆ ಮೊಟಕಾಗುತ್ತ, ಕೂಪವೇ ಕುಗ್ಗಿ, ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರಾದ ಎಳೆಯನ್ನು ಮಾತ್ರ ಹೊರಡಿಸುತ್ತದೆ. ಹಿಂದಲೆಯ ಕೂಪಗಳಿಗೆ ಈ ಸೂಕ್ಷ್ಮತೆ ಇಲ್ಲವಾದ್ದರಿಂದ ಅಲ್ಲಿನ ಕೂದಲು ಕಡೆಯವರೆಗೂ ನಿಲ್ಲುತ್ತದೆ. ಗಡ್ಡವನ್ನು ದಟ್ಟವಾಗಿಸುವ ಹಾರ್ಮೋನೇ ನೆತ್ತಿಯನ್ನು ಬರಿದುಮಾಡುತ್ತದೆ ಎಂಬುದು ಇಲ್ಲಿನ ವಿಚಿತ್ರ.

ಬೋಳಾಗುವುದಕ್ಕೂ ಗಂಡುತನಕ್ಕೂ ನಂಟಿದೆಯೆಂಬುದು ಹಳೆಯ ಊಹೆ. ವೃಷಣವಿಲ್ಲದವರ ತಲೆ ಬೋಳಾಗದೆಂಬುದನ್ನು ಪ್ರಾಚೀನ ಗ್ರೀಕ್ ವೈದ್ಯರೇ ಗಮನಿಸಿದ್ದರು. ಆ ಊಹೆಗೆ 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಆಧಾರ ಒದಗಿಸಿದರು: ಪ್ರಾಯಕ್ಕೆ ಮೊದಲೇ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ, ಆದರೆ ಮನೆತನದಲ್ಲಿ ಬೊಕ್ಕತಲೆಯಿರುವ ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ಕೂದಲು ಉದುರತೊಡಗುತ್ತದೆ. ಮುಂದೆ 1974ರಲ್ಲಿ ಜೂಲಿಯಾನ್ ಇಂಪರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಡೊಮಿನಿಕನ್ ರಿಪಬ್ಲಿಕ್ ದೇಶದ ಕೆಲವು ಕುಟುಂಬಗಳ ಬಗ್ಗೆ ಬರೆದರು. ಆ ಕುಟುಂಬಗಳಲ್ಲಿ ಹುಟ್ಟಿದಾಗ ಹೆಣ್ಣೆಂದು ಕಂಡ ಮಕ್ಕಳು ಪ್ರಾಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ಕಾರಣ, ಅವರಲ್ಲಿ ಮೇಲೆ ಹೇಳಿದ ಕಿಣ್ವದ ಕೊರತೆಯಿತ್ತು. ದೊಡ್ಡವರಾದ ಮೇಲೆ ಅವರ ಗಡ್ಡ ವಿರಳ, ಪ್ರಾಸ್ಟೇಟ್ ಗ್ರಂಥಿ ಚಿಕ್ಕದು, ಹಣೆಯ ಅಂಚು ಮಾತ್ರ ಹಿಂದೆ ಸರಿಯುತ್ತಿರಲಿಲ್ಲ. ಈ ಕಿಣ್ವವನ್ನೇ ತಡೆಯುವ ಫಿನಾಸ್ಟೆರೈಡ್ ಔಷಧಕ್ಕೆ ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ಊತಕ್ಕಾಗಿ 5 ಮಿಲಿಗ್ರಾಂ, 1997ರಲ್ಲಿ ಗಂಡಸರ ಬೊಕ್ಕತಲೆಗಾಗಿ 1 ಮಿಲಿಗ್ರಾಂ ಪ್ರಮಾಣದಲ್ಲಿ ಅನುಮತಿ ದೊರೆಯಿತು. ಅದು ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಶೇ 70ರಷ್ಟು ಇಳಿಸುತ್ತದೆ. ಕಿಣ್ವದ ಎರಡೂ ಬಗೆಗಳನ್ನು ತಡೆಯುವ ಡ್ಯುಟಾಸ್ಟೆರೈಡ್ ಶೇ 90ಕ್ಕೂ ಹೆಚ್ಚು ಇಳಿಸುತ್ತದೆ. ಫಲ ಕಾಣಲು ತಿಂಗಳುಗಳೇ ಬೇಕು; ಮಾತ್ರೆ ನಿಲ್ಲಿಸಿದರೆ ಒಂದು ವರ್ಷದೊಳಗೆ ಉಳಿಸಿಕೊಂಡದ್ದೆಲ್ಲ ಹೋಗುತ್ತದೆ.

ಈಗ ಸಹಜಧರ್ಮದ ಆಕ್ಷೇಪಕ್ಕೆ ಬರಬಹುದು. ದೇಹ ತನ್ನ ಪಾಡಿಗೆ ನಡೆಸುವ ಕ್ರಿಯೆಯನ್ನು ತಡೆಯುವುದೇ ಅಧರ್ಮವೆಂದಾದರೆ ಜ್ವರಕ್ಕೂ ಪೊರೆಬಂದ ಕಣ್ಣಿಗೂ ಮದ್ದು ಮಾಡುವಂತಿಲ್ಲ. ಸುಶ್ರುತಸಂಹಿತೆಯಂಥ ವೈದ್ಯಗ್ರಂಥವೇ ಕೂದಲುದುರುವುದನ್ನು ವ್ಯಾಧಿಗಳ ಸಾಲಿನಲ್ಲಿಟ್ಟು, ವಾತದೊಡನೆ ಕೂಡಿದ ಪಿತ್ತ ಕೂದಲನ್ನು ಉದುರಿಸುತ್ತದೆಂದೂ ಬಳಿಕ ರಕ್ತದೊಡನೆ ಕೂಡಿದ ಕಫ ರೋಮಕೂಪವನ್ನು ಮುಚ್ಚಿ ಹೊಸದು ಬಾರದಂತೆ ಮಾಡುತ್ತದೆಂದೂ ವಿವರಿಸಿ, ಚಿಕಿತ್ಸೆಯನ್ನೂ ಹೇಳುತ್ತದೆ. ಅಲ್ಲಿ ಎಲ್ಲಿಯೂ ಇದು ವಿಧಿಯ ಕಟ್ಟಳೆ, ಸುಮ್ಮನಿರತಕ್ಕದ್ದೆಂಬ ಧ್ವನಿಯಿಲ್ಲ. ಗಂಡಸಿನ ಹಾರ್ಮೋನಿಗೆ ಕೈಹಾಕಿದರೆ ಗಂಡಸುತನಕ್ಕೇ ಕುಂದೆಂಬ ಅಂಜಿಕೆಗೂ ಕನ್ನಡದ ಶರಣರಲ್ಲಿ ಬೆಂಬಲ ಸಿಗದು. ಗಡ್ಡಮೀಸೆಗಳೂ ಮುಡಿಯೂ ಲೋಕ ಎಣಿಸುವ ಹೊರಗುರುತುಗಳೇ ಹೊರತು ಒಳಗಿನ ಆತ್ಮಕ್ಕೆ ಲಿಂಗಭೇದವಿಲ್ಲವೆಂದು ಜೇಡರ ದಾಸಿಮಯ್ಯ ಎಂದೋ ತೀರ್ಮಾನಿಸಿದ್ದಾನೆ.

ಹೆಚ್ಚು ಗಟ್ಟಿಯಾದ ಆಕ್ಷೇಪ ಜೈನರ ಕಡೆಯಿಂದ ಬರುತ್ತದೆ, ಮತ್ತು ಅದನ್ನು ಕೇಳಲು ಕೊಪ್ಪಳಕ್ಕಿಂತ ತಕ್ಕ ಜಾಗವಿಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ಇದೇ. ಅಶೋಕನ ಶಾಸನಗಳಿರುವ ಗವಿಮಠ ಮತ್ತು ಪಾಲ್ಕಿಗುಂಡುಗಳ ಬೆಟ್ಟಗಳು ಮುಂದೆ ಜೈನರ ಮಹಾತೀರ್ಥವಾಗಿ, ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನೆನಪನ್ನು ಕಾಪಾಡಿಕೊಂಡು ಬಂದಿವೆ. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದಾದ ಕೇಶಲೋಚವೆಂದರೆ ತಲೆಗೂದಲನ್ನೂ ಗಡ್ಡಮೀಸೆಯನ್ನೂ ಸ್ವಂತ ಕೈಯಿಂದ ಕಿತ್ತುಕೊಳ್ಳುವುದು. ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ. ಕ್ಷೌರಿಕನ ಹಂಗಿಲ್ಲ, ಕತ್ತಿಯ ಪರಿಗ್ರಹವಿಲ್ಲ, ಬೆಳೆದ ಕೂದಲಲ್ಲಿ ಹುಟ್ಟುವ ಕ್ಷುದ್ರಜೀವಿಗಳಿಗೆ ಹಿಂಸೆಯಿಲ್ಲ, ಮಿಗಿಲಾಗಿ ದೇಹದ ಮೇಲಿನ ಮಮಕಾರ ಇಳಿದಿದೆಯೇ ಎಂಬ ಪರೀಕ್ಷೆ ತನಗೆ ತಾನೇ ನಡೆಯುತ್ತದೆ. ಇದನ್ನು ಕಂಡವರು, ಬೋಳಾಗುತ್ತಿರುವ ಗೃಹಸ್ಥನಿಗೆ ಕರ್ಮವೇ ಪುಕ್ಕಟೆಯಾಗಿ ಲೋಚ ಮಾಡಿಸುತ್ತಿದೆ, ಸುಮ್ಮನೆ ಒಪ್ಪಿಕೊಳ್ಳಬಾರದೇ ಎನ್ನಬಹುದು.

ಈ ಮಾತು ಚಂದವಾಗಿದೆ, ಆದರೆ ನಿಲ್ಲುವುದಿಲ್ಲ. ತ್ಯಾಗಕ್ಕೆ ಕರ್ತೃ ಬೇಕು; ಕೈಯಲ್ಲಿದ್ದುದನ್ನು ಬೇಡವೆನ್ನುವ ಸಂಕಲ್ಪವಿಲ್ಲದೆ ತ್ಯಾಗವಿಲ್ಲ. ಉದುರಿದ್ದನ್ನು ಕೊಟ್ಟೆನೆಂದು ಹೇಳಿಕೊಳ್ಳುವುದು ಮುಳ್ಳುಬೇಲಿಗೆ ಸಿಕ್ಕಿ ಹರಿದ ಅಂಗಿಯನ್ನು ದಾನ ಮಾಡಿದೆನೆಂದು ಬೀಗಿದಂತೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣುವುದಿಲ್ಲ. ವಸ್ತುವಿನ ಕುರಿತ ಮೂರ್ಛೆಯಲ್ಲಿ, ಅಂದರೆ ಮೈಮರೆಸುವ ಅಂಟಿನಲ್ಲಿ, ಕಾಣುತ್ತದೆ. ಹಾಗಾಗಿ ತಲೆತುಂಬ ಕೂದಲಿದ್ದೂ ಒಬ್ಬನು ನಿರ್ಮೋಹಿಯಾಗಿರಬಹುದು, ಪೂರ್ತಿ ಬೋಳಾಗಿಯೂ ಇನ್ನೊಬ್ಬನು ಕನ್ನಡಿಯ ದಾಸನಾಗಿರಬಹುದು. ಪಾಲ್ಕಿಗುಂಡಿನ ಮೇಲೆಯೇ ಇದಕ್ಕೊಂದು ಸೊಗಸಾದ ಸಾಕ್ಷಿಯಿದೆ: ಅಲ್ಲಿ ಚಾವಯ್ಯನೆಂಬವನು ಬಂಡೆಯಲ್ಲಿ ಮಾಡಿಸಿದ ಪಾದಗಳು ವರಾಂಗಚರಿತದ ಕರ್ತೃವೆಂದು ವಿದ್ವಾಂಸರು ಗುರುತಿಸುವ ಜಟಾಸಿಂಹನಂದಿ ಆಚಾರ್ಯರವು. ಕಾವ್ಯಚಿಂತನೆಯ ವೇಳೆ ಅಲುಗುತ್ತಿದ್ದ ಅವರ ಜಟೆಯನ್ನು ಜಿನಸೇನರು ಆದಿಪುರಾಣದಲ್ಲಿ ಗೌರವದಿಂದ ನೆನೆದಿದ್ದಾರೆ. ಕೂದಲು ಕೀಳುವ ವ್ರತವುಳ್ಳ ಪರಂಪರೆ ಜಟೆಯಿಂದಲೇ ಹೆಸರಾದ ಗುರುವಿನ ಪಾದಕ್ಕೆ ಎರಗಿದೆ.

ಕೂದಲಿಗೆ ಇಷ್ಟು ಬೆಲೆ ಎಲ್ಲಿಂದ ಬಂತು ಎಂದು ಕೇಳಿದರೆ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಇನ್ನೊಂದು ಉತ್ತರ ಕೊಡುತ್ತದೆ. ನೇಕಾರಿಕೆಯ ಈ ಊರು ತಲೆಗೂದಲಿನ ವ್ಯಾಪಾರಕ್ಕೂ ಹೆಸರಾಗಿದೆ. ಬಾಚಣಿಗೆಗೆ ಸಿಕ್ಕಿ ಉಂಡೆಯಾದ ಕೂದಲನ್ನು ಊರೂರು ಸುತ್ತಿ ಕೊಂಡವರಿಂದ ತಂದು, ಹೆಂಗಸರು ಕುಳಿತು ಸಿಕ್ಕು ಬಿಡಿಸಿ, ಬಿಳಿಯದನ್ನು ಆರಿಸಿ ತೆಗೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುತ್ತಾರೆ, ಅದು ಮುಂದೆ ವಿಗ್ಗಾಗಿ ಇನ್ಯಾರದೋ ತಲೆ ಸೇರುತ್ತದೆ. ಒಬ್ಬರ ಮನೆಯಲ್ಲಿ ಮೈಲಿಗೆಯೆಂದು ಬಿಸಾಡಿದ್ದು ಇನ್ನೊಬ್ಬರಿಗೆ ಅಲಂಕಾರ. ಬೆಲೆ ಎಳೆಯಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ಬೇಕಿಲ್ಲ. ಹೆಣ್ಣು ನೋಡಲು ಹೋದಾಗ ಅಳೆಯುವುದೂ ಅದೇ ಕಣ್ಣು ಎಂಬುದನ್ನೂ ಮರೆಯುವಂತಿಲ್ಲ, ಆದ್ದರಿಂದ ಯುವಕನ ಅಳಲನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ಕ್ರೂರ.

ಹೀಗಾಗಿ ಮಾತ್ರೆ ಪಾಪವಲ್ಲ, ಬೋಳು ಪುಣ್ಯವಲ್ಲ. ಉಳಿಯುವ ಧಾರ್ಮಿಕ ಪ್ರಶ್ನೆ ಅಹಿಂಸೆಯದು: ತನ್ನ ದೇಹವೂ ಹಿಂಸೆಗೆ ಒಳಗಾಗಬಾರದ ಜೀವವೇ ತಾನೇ? ಔಷಧ ತೆಗೆದುಕೊಂಡ ಕೆಲವರಲ್ಲಿ ಕಾಮಾಸಕ್ತಿ ಕುಂದುವುದು, ನಿಮಿರುವಿಕೆಗೆ ತೊಂದರೆ, ಖಿನ್ನತೆ ಕಂಡುಬಂದಿವೆ. ಮಾತ್ರೆ ನಿಲ್ಲಿಸಿದ ಮೇಲೂ ತೊಂದರೆ ಉಳಿಯಿತೆಂದವರಿದ್ದಾರೆ. ಆತ್ಮಹತ್ಯೆಯ ಯೋಚನೆ ಫಿನಾಸ್ಟೆರೈಡಿನ ಅಡ್ಡಪರಿಣಾಮವೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. ಹೆಚ್ಚಿನವರಿಗೆ ಇವು ತಟ್ಟುವುದಿಲ್ಲ, ನಿಜ. ಆದರೆ ಇವನ್ನು ಮುಚ್ಚಿಟ್ಟು ಮಾರುವುದು ಹಿಂಸೆಯೇ, ಇವನ್ನು ತಿಳಿದೂ ಮನಸ್ಸು ಕುಸಿಯುತ್ತಿರುವಾಗ ಕೂದಲಿಗಾಗಿ ನುಂಗುತ್ತ ಹೋಗುವುದು ಮೂರ್ಛೆಯೇ. ಕೊಪ್ಪಳದಲ್ಲಾಗಲಿ ಯಲಬುರ್ಗಾದಲ್ಲಾಗಲಿ ಈ ಮಾತ್ರೆಯನ್ನು ಚರ್ಮವೈದ್ಯರ ಚೀಟಿಯಿಲ್ಲದೆ ಯಾರೂ ಕೊಳ್ಳಬಾರದು, ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆಗೆ ಹೋದಾಗ ಇದನ್ನು ತೆಗೆದುಕೊಳ್ಳುತ್ತಿರುವುದನ್ನು ಹೇಳಬೇಕು, ಮತ್ತು ಗಂಡುಶಿಶುವಿನ ಬೆಳವಣಿಗೆಗೆ ಧಕ್ಕೆಯಾಗುವ ಸಂಭವವಿರುವುದರಿಂದ ಒಡೆದ ಮಾತ್ರೆಯನ್ನು ಬಸುರಿ ಹೆಂಗಸು ಕೈಯಿಂದಲೂ ಮುಟ್ಟಬಾರದು.