ಹೆಸರಿದ್ದ ನಾಯಿಗಳು

ಬ್ರಿಟನ್ನಿನ ಕಲಾವಿದ ಲೂಸಿಯನ್ ಫ್ರಾಯ್ಡ್ 2003ರಲ್ಲಿ ಬಿಡಿಸಿದ ಪುಟ್ಟದೊಂದು ತೈಲಚಿತ್ರವಿದೆ. ಅದರ ತುಂಬ ಲಂಡನ್ನಿನ ಅವರ ಮನೆಯ ಹಿತ್ತಲಿನ ಒಂದಿಷ್ಟು ನೆಲ, ಮಣ್ಣು, ತರಗೆಲೆ. ಚಿತ್ರದ ಹೆಸರು ‘ಪ್ಲೂಟೊನ ಸಮಾಧಿ’. ಪ್ಲೂಟೊ ಎಂದರೆ ಅವರು ಸಾಕಿದ್ದ ವಿಪೆಟ್ ತಳಿಯ ನಾಯಿ. ಸಪೂರ ಕಾಲು, ಬಿಲ್ಲಿನಂತೆ ಬಾಗಿದ ಬೆನ್ನು. 1988ರಲ್ಲಿ ಮರಿಯಾಗಿ ಬಂದದ್ದು ಬೆಳೆದು, ಮುದಿಯಾಗಿ, ಕೊನೆಗೆ ಆ ಹಿತ್ತಲಲ್ಲೇ ಮಣ್ಣಾಯಿತು.

ಒಬ್ಬರ ಭಾವಚಿತ್ರಕ್ಕಾಗಿ ಅವರನ್ನು ತಿಂಗಳುಗಟ್ಟಲೆ ಎದುರಿಗೆ ಕೂರಿಸಿಕೊಂಡು ದಿಟ್ಟಿಸುತ್ತಿದ್ದವರು ಫ್ರಾಯ್ಡ್. ಆ ನೋಟದಲ್ಲಿ ಮುಲಾಜಿರಲಿಲ್ಲ. ಚರ್ಮದ ಸುಕ್ಕು, ಜೋತುಬಿದ್ದ ಹೊಟ್ಟೆ, ದಣಿದ ಕಣ್ಣು ಯಾವುದನ್ನೂ ಬಿಡುತ್ತಿರಲಿಲ್ಲ. ನಾಯಿಯನ್ನೂ ಅವರು ನೋಡಿದ್ದು ಹಾಗೆಯೇ. 2000ದಲ್ಲಿ ಮಾಡಿದ ಅಚ್ಚುಚಿತ್ರವೊಂದಕ್ಕೆ ಅವರಿಟ್ಟ ಹೆಸರು ‘ಹನ್ನೆರಡರ ಪ್ಲೂಟೊ’. ನಾಯಿಯ ವಯಸ್ಸನ್ನು ಶೀರ್ಷಿಕೆಯಲ್ಲೇ ಬರೆಯುವುದೆಂದರೆ ಅದು ಮುದಿಯಾಗುತ್ತಿದೆ ಎಂಬುದನ್ನು ದಿನವೂ ಕಂಡವರು ಮಾಡುವ ಕೆಲಸ. ಮೂರು ವರ್ಷದ ಮೇಲೆ ಅದು ಸತ್ತಾಗ ಫ್ರಾಯ್ಡ್ ಅವರಿಗೆ ಎಂಬತ್ತು ವರ್ಷ. ಎದುರಿಗೆ ಯಾರೂ ಇಲ್ಲದ ಆ ನೆಲದ ಮೇಲೂ ಅವರು ಅದೇ ತಾಳ್ಮೆಯಿಂದ ಕಣ್ಣಿಟ್ಟರು. ರೆಕ್ಕೆ ಮೂಡಿದ ನಾಯಿಯಿಲ್ಲ, ಸ್ವರ್ಗವಿಲ್ಲ, ಹೂವಿಲ್ಲ. ಮುಚ್ಚಿದ ಮಣ್ಣು ಹೇಗಿತ್ತೋ ಹಾಗಿದೆ. ಸಾಕಿದ ಪ್ರಾಣಿಯ ಸಾವಿನ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಆಧುನಿಕ ಚಿತ್ರ ನನಗೆ ಗೊತ್ತಿಲ್ಲ.

ಮನುಷ್ಯರು ಸತ್ತರೆ ನಮ್ಮಲ್ಲಿ ಮಾಡಲು ಏನಾದರೂ ಇರುತ್ತದೆ. ಮಾತಾಡಿಸಲು ನೆಂಟರು ಬರುತ್ತಾರೆ, ಹನ್ನೊಂದನೇ ದಿನವಿದೆ, ವರ್ಷಕ್ಕೊಮ್ಮೆ ತಿಥಿಯಿದೆ. ದುಃಖಕ್ಕೆ ಕೈಗೆ ಹಿಡಿಯಲು ಒಂದು ಕೆಲಸ ಸಿಗುತ್ತದೆ. ನಾಯಿ ಸತ್ತ ಮನೆಯಲ್ಲಿ ಅದೊಂದೂ ಇಲ್ಲ. ಗುಂಡಿ ತೋಡಿ, ಹಿಡಿ ಉಪ್ಪು ಹಾಕಿ, ಮಣ್ಣು ಮುಚ್ಚಿ, ಸ್ನಾನ ಮಾಡಿ ಮರುದಿನ ಕೆಲಸಕ್ಕೆ ಹೋಗಬೇಕು. ರಜೆ ಕೇಳಲು ನಾಲಿಗೆ ಬರುವುದಿಲ್ಲ. ನಮ್ಮ ಕೆಂಚ ಸತ್ತ ದಿನ ಅಮ್ಮ, ‘ನಾಯಿಗೆಲ್ಲ ಯಾರಾದ್ರೂ ಹೀಗೆ ಅಳ್ತಾರೇನೋ?’ ಎಂದು ನನ್ನನ್ನು ಗದರಿಸಿದ್ದರು. ಆಮೇಲೆ ಎಷ್ಟೋ ದಿನ ಅಭ್ಯಾಸಬಲದಿಂದ ಅದರ ಪಾಲಿನ ರೊಟ್ಟಿಯನ್ನೂ ಸೇರಿಸಿಯೇ ತಟ್ಟುತ್ತಿದ್ದರು.

ಆದರೆ ನಾಯಿಯ ಸಾವಿಗೆ ಊರೇ ತಲೆಬಾಗಿದ ಕಾಲವೊಂದು ಕನ್ನಡ ನಾಡಿನಲ್ಲಿತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅದಕ್ಕೆ ಸಾಕ್ಷಿ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗಂಗರ ಬೂತುಗ ಕೊಂದ. ಬೂತುಗನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿದ ದೊರೆ ಬೇಕಾದ್ದನ್ನು ಕೇಳೆಂದ. ಮಣಲೇರ ಕೇಳಿದ್ದು ಊರನ್ನಲ್ಲ, ಚಿನ್ನವನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೊಂದು ದಿನ ಕಾಡುಹಂದಿಯ ಮೇಲೆ ಬಿಟ್ಟ ಕಾಳಿ ಹಂದಿಯೊಡನೆ ಕಾದಾಡಿತು; ಎರಡೂ ಸತ್ತವು. ಮಣಲೇರ ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ಪೂಜಾರಿಯಾದ ಗೊರವನು ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಬರೆಸಿದ. ಕಲ್ಲಿನ ನೆತ್ತಿಯಲ್ಲಿ ನಾಯಿ ಮತ್ತು ಹಂದಿ ಇಂದಿಗೂ ಸೆಣಸುತ್ತಿವೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ದಕ್ಷಿಣ ಭಾರತದ ದಿಕ್ಕು ಬದಲಿಸಿದ ಯುದ್ಧದ ಸುದ್ದಿಯೂ ಒಂದು ನಾಯಿಯ ಸಾವಿನ ಸುದ್ದಿಯೂ ಒಂದೇ ಕಲ್ಲಿನಲ್ಲಿವೆ ಎಂಬುದು ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ. ಶಾಸನ ‘ಒಂದು ನಾಯಿ’ ಎಂದು ಹೇಳಿ ಮುಂದೆ ಹೋಗಿದ್ದರೆ ನಾವು ಅದನ್ನು ಎಂದೋ ಮರೆಯುತ್ತಿದ್ದೆವು. ಅದು ಕಾಳಿ ಎಂದಿತು. ಅದಕ್ಕೇ ಸಾವಿರ ವರ್ಷ ದಾಟಿದ ಮೇಲೂ ಆ ನಾಯಿ ನಮಗೆ ಬೇಕಾದ ನಾಯಿ.

ಇಂದಿನ ಕಲೆಯಲ್ಲಿ ನಾಯಿಗಳಿಗೆ ಬರವಿಲ್ಲ. ಅತಿ ಹೆಚ್ಚು ಜನ ಫೋಟೊ ತೆಗೆಸಿಕೊಳ್ಳುವುದು ಬಹುಶಃ ಸ್ಪೇನಿನ ಬಿಲ್ಬಾವೊದ ಗುಗನ್‌ಹೈಮ್ ಮ್ಯೂಸಿಯಂ ಮುಂದಿರುವ, ಜೆಫ್ ಕೂನ್ಸ್ ರೂಪಿಸಿದ ‘ಪಪಿ’ಯ ಜೊತೆ. 12 ಮೀಟರಿಗೂ ಎತ್ತರದ ನಾಯಿಮರಿ, ಮೈಯೆಲ್ಲ ಜೀವಂತ ಹೂಗಿಡ, ವರ್ಷಕ್ಕೆ ಎರಡು ಸಲ ಹೊಸ ಗಿಡಗಳ ನೆಡುವಿಕೆ. ಮಕ್ಕಳಿಗೆ ಹಬ್ಬ. ಆದರೆ ಅದು ಯಾರ ಮನೆಯ ನಾಯಿಯೂ ಅಲ್ಲ. ಅದು ಸಾಯಲಾರದು, ಹಾಗಾಗಿ ಅದನ್ನು ನೆನೆಯುವ ಅಗತ್ಯವೂ ಬೀಳುವುದಿಲ್ಲ. ನನ್ನ ಮನಸ್ಸು ಎಳೆಯುವುದು ಹೆಸರಿದ್ದ ನಾಯಿಗಳ ಕಡೆಗೆ.

ಕಲಾವಿದ ಡೇವಿಡ್ ಹಾಕ್ನಿ ಅವರ ಸ್ಟ್ಯಾನ್ಲಿ ಮತ್ತು ಬೂಜಿ ಅಂಥವು. ಎರಡೂ ಗಿಡ್ಡ ಕಾಲಿನ, ಉದ್ದ ಮೈಯ ಡ್ಯಾಕ್ಸ್‌ಹಂಡ್‌ಗಳು. 1994ರಲ್ಲಿ ಹಾಕ್ನಿ ಅವರ ಬಹುಕಾಲದ ಆಪ್ತ, ಕಲಾ ಕ್ಯುರೇಟರ್ ಹೆನ್ರಿ ಗೆಲ್ಡ್‌ಜಾಲರ್ ತೀರಿಕೊಂಡರು. ಅದಕ್ಕೂ ಮೊದಲು ಹಾಕ್ನಿ ಅವರ ಗೆಳೆಯರಲ್ಲಿ ಹಲವರನ್ನು ಏಡ್ಸ್ ಒಯ್ದಿತ್ತು. ಆ ಕಾಲದ ನೋವಿನಲ್ಲಿ ಅವರು ಕುಂಚ ತಿರುಗಿಸಿದ್ದು ಮನೆಯ ಎರಡು ನಾಯಿಗಳ ಕಡೆಗೆ. ಪ್ರೀತಿ ತುಂಬಿದ ಏನನ್ನಾದರೂ ಬಿಡಿಸಬೇಕು ಎಂಬ ಹಂಬಲ ಅದು. ನಾಯಿಗಳು ಹೇಳಿದಂತೆ ಕೂರುವುದಿಲ್ಲ. ಬಾಗಿಲಲ್ಲಿ ಸದ್ದಾದರೆ ಸಾಕು, ಎದ್ದು ಓಡುತ್ತವೆ. ಅದಕ್ಕೇ ಹಾಕ್ನಿ ಮನೆಯಲ್ಲಿ ಅಲ್ಲಲ್ಲಿ ಕ್ಯಾನ್ವಾಸು, ಬಣ್ಣ ಸಜ್ಜುಮಾಡಿಟ್ಟು, ಅವು ಮಲಗಿದ ಗಳಿಗೆ ನೋಡಿ ಸರಸರನೆ ಬಿಡಿಸುತ್ತಿದ್ದರು. ಮೆತ್ತೆಯ ಮೇಲೆ ಸುರುಳಿ ಸುತ್ತಿದ ಸ್ಟ್ಯಾನ್ಲಿ, ಮಗ್ಗುಲಾದ ಬೂಜಿ, ಒಂದರ ಬೆನ್ನಿಗೆ ಇನ್ನೊಂದರ ಮೂತಿ. ವಿಷಯ ಸಣ್ಣದಾಯಿತು ಎಂದು ಮೂಗು ಮುರಿದವರಿದ್ದರೆ ಅವರಿಗೆ ನಾಯಿ ಮಲಗಿದ ಮನೆಯ ನೆಮ್ಮದಿ ಗೊತ್ತಿಲ್ಲ. ಗೆಳೆಯರನ್ನು ಮಣ್ಣಿಗೆ ಕೊಟ್ಟುಬಂದವನಿಗೆ ಪಕ್ಕದಲ್ಲಿ ಉಸಿರಾಡುವ ಒಂದು ಬೆಚ್ಚನೆ ಹೊಟ್ಟೆಗಿಂತ ದೊಡ್ಡ ವಿಷಯ ಯಾವುದಿದೆ?

ಅಮೆರಿಕದ ವಿಲಿಯಂ ವೆಗ್‌ಮನ್ ಅವರ ನಾಯಿಗೆ ಒಬ್ಬ ಕಲಾವಿದನದೇ ಹೆಸರು: ಮ್ಯಾನ್ ರೇ. ಬೂದುಬಣ್ಣದ ವೈಮರಾನರ್ ತಳಿಯ ಈ ಮರಿ 1970ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅವರ ಮನೆ ಸೇರಿತು. ಸ್ಟುಡಿಯೊದಲ್ಲಿ ಕ್ಯಾಮೆರಾ ಇಟ್ಟ ಕಡೆಯೆಲ್ಲ ಬಂದು ನಿಲ್ಲುತ್ತಿತ್ತು. ಅದನ್ನು ಹೊರಗೆ ಕಟ್ಟುವ ಬದಲು ವೆಗ್‌ಮನ್ ಅದರೊಡನೆಯೇ ಕೆಲಸ ಶುರುಮಾಡಿದರು. ಒಂದು ವಿಡಿಯೊದಲ್ಲಿ ಅವರು ಮೇಷ್ಟ್ರಾಗಿ ನಾಯಿಗೆ ಕಾಗುಣಿತದ ತಪ್ಪು ತಿದ್ದಿ ಹೇಳುತ್ತಾರೆ. ಮ್ಯಾನ್ ರೇ ತಲೆ ವಾಲಿಸಿ, ಅಷ್ಟೂ ಗಂಭೀರವಾಗಿ ಕೇಳುತ್ತದೆ. 1982ರಲ್ಲಿ ಅದು ಸತ್ತಾಗ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ಆ ವರ್ಷದ ವ್ಯಕ್ತಿ ಎಂದು ಮ್ಯಾನ್ ರೇಯನ್ನೇ ಆರಿಸಿತು. ವೆಗ್‌ಮನ್ ಹಲವು ವರ್ಷ ಮತ್ತೊಂದು ನಾಯಿ ತರಲಿಲ್ಲ. ‘ಇನ್ನು ನಾಯಿ ಬೇಡಪ್ಪ’ ಎಂದು ಎಷ್ಟು ಮನೆಗಳಲ್ಲಿ ಕೇಳಿಲ್ಲ ನಾವು! ಮುಂದೆ ಫೇ ರೇ ಬಂತು, ಅದರ ಮರಿಗಳೂ ಮರಿಮಕ್ಕಳೂ ಬಂದು ಲೋಕಪ್ರಸಿದ್ಧವಾದವು. ಬಟ್ಟೆ ತೊಡಿಸಿ ತೆಗೆದ ಆ ನಂತರದ ಬಣ್ಣದ ಫೋಟೊಗಳನ್ನು ಜನ ಹೆಚ್ಚು ಬಲ್ಲರು. ನನಗೆ ಮಾತ್ರ ಮ್ಯಾನ್ ರೇಯ ಕಪ್ಪುಬಿಳುಪು ವಿಡಿಯೊಗಳೇ ಇಷ್ಟ. ಅವುಗಳಲ್ಲಿ ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂದು ಹೇಳಲಾಗದು.

ಇವರೆಲ್ಲ ಹೆಸರಾಂತ ಕಲಾವಿದರು. ಕುಂಚ ಹಿಡಿಯಲು ಬಾರದ ನಾವೇನು ಮಾಡಬೇಕು? ಆ ಪ್ರಶ್ನೆಗೆ ಸ್ಟೀಫನ್ ಹ್ಯೂನೆಕ್ ಎಂಬ ಮರಗೆತ್ತನೆಯ ಕಲಾವಿದ ತೋರಿಸಿದ ದಾರಿ ನನಗೆ ಬಹಳ ಹಿಡಿಸಿದೆ. ಅಮೆರಿಕದ ವರ್ಮಾಂಟ್ ರಾಜ್ಯದ ಸೇಂಟ್ ಜಾನ್ಸ್‌ಬರಿಯಲ್ಲಿ ಅವರ ಗುಡ್ಡದ ಜಮೀನಿತ್ತು. 1994ರಲ್ಲಿ ಕಾಯಿಲೆಯಿಂದ ಪ್ರಜ್ಞೆ ತಪ್ಪಿ, ಸಾವಿನ ಬಾಗಿಲು ತಟ್ಟಿ ಬಂದ ಮೇಲೆ ಅವರಿಗೆ ಹೊಳೆದದ್ದು ನಾಯಿಗಳಿಗಾಗಿ ಒಂದು ಪ್ರಾರ್ಥನಾಲಯ. 2000ದಲ್ಲಿ ಅದು ತೆರೆಯಿತು. ಹಳ್ಳಿಯ ಚರ್ಚಿನಂಥ ಬಿಳಿ ಕಟ್ಟಡ, ಕಿಟಕಿಯ ಬಣ್ಣದ ಗಾಜಿನಲ್ಲಿ ನಾಯಿಗಳು, ಬೆಂಚುಗಳ ತುದಿಯಲ್ಲಿ ಕೆತ್ತಿದ ನಾಯಿಗಳು. ನಾಯಿ ಕರೆದುಕೊಂಡೇ ಒಳಗೆ ಹೋಗಬಹುದು.

ಆದರೆ ಅಲ್ಲಿಯ ನಿಜವಾದ ಕಲಾಕೃತಿಯನ್ನು ಮಾಡಿದವರು ಬಂದುಹೋದ ಜನ. ಸತ್ತ ತಮ್ಮ ನಾಯಿಯ ಫೋಟೊ, ಒಂದು ಚೀಟಿ, ಒಂದೆರಡು ಸಾಲು. ಒಂದರ ಮೇಲೊಂದು ಅಂಟಿ ಗೋಡೆಗಳು ನೆಲದಿಂದ ಸೂರಿನ ತನಕ ಮುಚ್ಚಿಹೋಗಿವೆ. ಮಕ್ಕಳ ಸೊಟ್ಟ ಅಕ್ಷರದ ಪಕ್ಕದಲ್ಲಿ ಮುದುಕರ ನಡುಗುವ ಅಕ್ಷರ. 2010ರಲ್ಲಿ ಹ್ಯೂನೆಕ್ ಹೋದರು. ಚೀಟಿಗಳು ಬರುವುದು ನಿಲ್ಲಲಿಲ್ಲ.

ನಮ್ಮ ಫೋನುಗಳಲ್ಲಿ ಸಾಕಿದ ನಾಯಿಯ ಸಾವಿರ ಫೋಟೊ ಇರುತ್ತವೆ. ಆದರೂ ಅದರ ಬಗ್ಗೆ ನಾಲ್ಕು ಸಾಲು ಬರೆಯಲು ಕುಳಿತರೆ ‘ತುಂಬಾ ನಿಯತ್ತಿನ ನಾಯಿ’ ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತದೆ. ನಿಯತ್ತು ಎಲ್ಲ ನಾಯಿಗೂ ಇದೆ. ಅದು ಯಾವ ಸದ್ದಿಗೆ ಹೆದರುತ್ತಿತ್ತು, ಎಲ್ಲಿ ಮಲಗುತ್ತಿತ್ತು, ಯಾರ ಚಪ್ಪಲಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ ಎಂಬುದರಲ್ಲಿ ಆ ಒಂದು ನಾಯಿ ಇರುತ್ತದೆ. ಫ್ರಾಯ್ಡ್ ತರಗೆಲೆಯನ್ನು ನೋಡಿದಷ್ಟು ಗಮನ ಅದಕ್ಕೆ ಬೇಕು.

ವರ್ಮಾಂಟಿನ ಆ ಗೋಡೆಗೆ ನಾನು ಒಂದು ಚೀಟಿ ಕಳಿಸುವುದಾದರೆ ಹೀಗೆ ಬರೆದೇನು: ಇವನು ಕೆಂಚ. ಬಲಗಿವಿ ನೆಟ್ಟಗೆ, ಎಡಗಿವಿ ಮಡಿಕೆ. ಹಲಸಿನ ತೊಳೆ ಎಂದರೆ ಪ್ರಾಣ. ಗುಡುಗಿದರೆ ಅಕ್ಕಿಡಬ್ಬದ ಹಿಂದೆ ಅಡಗುತ್ತಿದ್ದ, ಹಾವು ಕಂಡರೆ ಮಾತ್ರ ಹಿಂಜರಿಯುತ್ತಿರಲಿಲ್ಲ. ಅಂಚೆಯಣ್ಣನಿಗೆ ಬೊಗಳುತ್ತಿರಲಿಲ್ಲ, ಬ್ಯಾಂಕಿನವರಿಗೆ ಬೊಗಳುತ್ತಿದ್ದ. ಅಮ್ಮ ಬೈದರೆ ಅಮ್ಮನ ಸೆರಗಿನ ಕೆಳಗೇ ಬಂದು ಕೂರುತ್ತಿದ್ದ.