ಜಕ್ಕಾಯ ಹತ್ತಿದ ಮರ



ಜಕ್ಕಾಯನ ಕಥೆ ನಮಗೆಲ್ಲ ಬಾಯಿಪಾಠ (ಲೂಕ 19:1-10). ಅವನ ಮನಪರಿವರ್ತನೆಯ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೀರಿ. ಇಂದು ಅವನು ಮರ ಹತ್ತಿದ್ದನ್ನಷ್ಟೇ ನೋಡೋಣ. ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಹಣವಂತ, ಚಿಕ್ಕ ಹುಡುಗನಂತೆ ಓಡಿಹೋಗಿ ಅತ್ತಿಮರ ಏರಬೇಕಾಯಿತು. ಕುಳ್ಳಗಿದ್ದನೆಂದೇ? ಜನ ದಾರಿ ಬಿಟ್ಟಿದ್ದರೆ ಮುಂದೆಯೇ ನಿಂತು ನೋಡಬಹುದಿತ್ತಲ್ಲವೇ!

ಎಲುಬಿನ ಬೆಳವಣಿಗೆಯ ತೊಂದರೆಯಿಂದ ಗಿಡ್ಡಾಗಿಯೇ ಉಳಿದ ಒಬ್ಬರು ನಮ್ಮ ಕೊಡಗಿನಲ್ಲಿ ಒಂದು ದಿನ ಕಳೆಯುವುದನ್ನು ನೆನೆಸಿಕೊಳ್ಳಿ. ಮನೆಯಿಂದ ರಸ್ತೆಗೆ ಬರಲು ಬರೆಯಲ್ಲಿ ಕಡಿದ ಮಣ್ಣಿನ ಮೆಟ್ಟಿಲು. ಆಷಾಢದಲ್ಲಿ ಅದೂ ಜಾರು. ಬಸ್ಸಿನ ಮೊದಲ ಮೆಟ್ಟಿಲು ತೊಡೆಯ ಎತ್ತರಕ್ಕೆ. ಕಂಡಕ್ಟರ್ ಒಳ್ಳೆಯ ಮನಸ್ಸಿನಿಂದಲೇ ಕಂಕುಳಿಗೆ ಕೈಹಾಕಿ ಎತ್ತಿಬಿಡುತ್ತಾನೆ. ನಲವತ್ತು ವರ್ಷದವರನ್ನು! ಯೇಸುಸ್ವಾಮಿ ಜಕ್ಕಾಯನನ್ನು ಹಾಗೆ ಎತ್ತಿಕೊಳ್ಳಲಿಲ್ಲ. ತಲೆಯೆತ್ತಿ ನೋಡಿ ಹೆಸರು ಹಿಡಿದು ಕರೆದರು, ಅವನ ಮನೆಗೇ ಹೋದರು.

ಇಂಥ ತೊಂದರೆಗಳಲ್ಲಿ ಹೆಚ್ಚಾಗಿ ಕಾಣುವುದು ಅಕೊಂಡ್ರೊಪ್ಲೇಸಿಯಾ. ಹಾಗೆ ಹುಟ್ಟುವ ಐವರಲ್ಲಿ ಸುಮಾರು ನಾಲ್ವರ ತಂದೆತಾಯಿ ಸಾಮಾನ್ಯ ಎತ್ತರದವರೇ. ಶಾಪ, ಹಿರಿಯರ ಪಾಪ ಎಂಬ ಮಾತು ನಮ್ಮ ಬಾಯಲ್ಲಿ ಬರಕೂಡದು. ಬೆನ್ನಿನ ನರಗಳ ಮೇಲೆ ಒತ್ತಡ ಬಿದ್ದವರಿಗೆ ಬಹಳ ಹೊತ್ತು ನಿಂತರೆ ಕಾಲು ಜೋಮು ಹಿಡಿಯುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರನ್ನೇ ಹೊತ್ತ ರೋಗದಲ್ಲಿ ಸೊಂಟ, ಮಂಡಿಗಳ ಕೀಲುಗಳೇ ಹಾಳಾಗುತ್ತವೆ. ಅಂಥವರಿಗೆ ಒಂದು ಮೆಟ್ಟಿಲೂ ಬೆಟ್ಟವೇ.

ದೇವಾಲಯದ ಒಳಗೆ ಹೇಗಿದೆ? ಬೆಂಚಿನಲ್ಲಿ ಕೂತರೆ ಪಾದ ನೆಲಕ್ಕೆ ತಾಗದು. ಬಲಿಪೂಜೆ ಮುಗಿಯುವವರೆಗೂ ಕಾಲು ಇಳಿಬಿದ್ದು ಸೊಂಟ ಹಿಡಿಯುತ್ತದೆ. ತೀರ್ಥದ ಬಟ್ಟಲಿಗೆ ಕೈ ಎಟುಕದು. ಯಾಜಕ ವಂಶದ ಕುಳ್ಳನು ಬಲಿಯರ್ಪಿಸಲು ಹತ್ತಿರ ಬರಬಾರದೆಂದು ಯಾಜಕಕಾಂಡದ 21ನೇ ಅಧ್ಯಾಯದಲ್ಲಿ ಒಂದು ನಿಯಮವಿದೆ. ನಾವು ಅದನ್ನು ಎಂದೋ ಬಿಟ್ಟೆವು. ಆದರೆ ನಮ್ಮ ಎತ್ತರದ ವಾಚನಪೀಠ ಅದನ್ನು ಇನ್ನೂ ಪಾಲಿಸುತ್ತಿದೆ.

1995ರ ಅಂಗವಿಕಲರ ಕಾಯ್ದೆಯಲ್ಲಿ ಕುಬ್ಜತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ವಯಸ್ಕರನ್ನು ಹೆಸರಿಸಿ ಸೇರಿಸಿತು. ಸರ್ಕಾರವೇ ಮುಂದೆ ಹೋಗಿದೆ. ನಾವು ಹಿಂದೆ ಉಳಿಯುವುದೇ?

ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಆರಂಭ 1792ರಲ್ಲಿ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟನು. ಇನ್ನೊಬ್ಬರು ಜಾಗ ಮಾಡಿಕೊಟ್ಟಿದ್ದರಿಂದ ಊರಿದ ಸಭೆ ನಮ್ಮದು.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಪಾಲನಾ ಸಮಿತಿಯವರು ಅಳತೆಪಟ್ಟಿ ಹಿಡಿದು ಒಂದು ಸುತ್ತು ಬನ್ನಿ. ನಿಮ್ಮ ಧರ್ಮಕೇಂದ್ರದಲ್ಲಿ ಇಂಥವರಿದ್ದರೆ ಅವರೇ ಮುಂದೆ ನಡೆಯಲಿ. ಏನು ಬೇಕೆಂದು ಅವರನ್ನೇ ಕೇಳಿ. ಕಾಲಿಡಲು ಒಂದು ಮಣೆ, ಮೆಟ್ಟಿಲ ಪಕ್ಕ ತಗ್ಗಿನಲ್ಲಿ ಇನ್ನೊಂದು ಹಿಡಿಕಂಬಿ, ಕೆಳಗಿಳಿಸಬಹುದಾದ ಮೈಕು. ಮಣೆಯನ್ನಂತೂ ಊರಿನ ಬಡಗಿ ಒಂದೇ ದಿನದಲ್ಲಿ ಮಾಡಿಕೊಟ್ಟಾನು.