ಮೊದಲ ಮಳೆಗೆ ಒಡೆಯದ ಮೊಟ್ಟೆ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಲಾವಾ ಶಿಲೆಯ ಪದರಗಳ ನಡುವೆ ಹಳೆಯ ಕೆರೆಗಳ ಹೂಳು ಸಿಕ್ಕಿಕೊಂಡಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಲಾವಾ ಹರಿಯಿತಷ್ಟೆ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ದೊರೆತ ಬಿಡುವಿನಲ್ಲಿ ನೀರು ನಿಂತು ಕೆರೆಗಳಾದುವು. ಆ ಹೂಳಿನಲ್ಲಿ ಆಸ್ಟ್ರಕಾಡ್ ಎಂಬ ಜೀವಿಗಳ ಚಿಪ್ಪುಗಳು ದೊರೆತಿವೆ. ಏಡಿ ಸಿಗಡಿಗಳ ಬಳಗ. ಗಾತ್ರದಲ್ಲಿ ಬಹುಮಟ್ಟಿಗೆ ರಾಗಿಕಾಳನ್ನು ಮೀರವು. ಮೈಗೆ ಎರಡು ಬೇಳೆಗಳಂಥ ಚಿಪ್ಪು. ಬೆಂಕಿಯ ಎರಡು ಹೊಳೆಗಳ ನಡುವಣ ಬಿಡುವಿನಲ್ಲಿ ಅವು ನಿಶ್ಚಿಂತೆಯಿಂದ ಸಂಸಾರ ಹೂಡಿದ್ದುವು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ.

ಎಲ್ಲ ಸರೋವರಗಳೂ ಹೀಗೆ ಅಲ್ಪಾಯುಗಳಲ್ಲ. ಸೈಬೀರಿಯದ ಬೈಕಲ್ ಸರೋವರಕ್ಕೆ ಸುಮಾರು 2.5 ಕೋಟಿ ವರ್ಷ ವಯಸ್ಸು, 1,642 ಮೀಟರು ಆಳ. ಅಷ್ಟು ಕಾಲ ಬತ್ತದೆ ಉಳಿದುದರಿಂದ ಅಲ್ಲಿ ಸಿಗಡಿಯ ದಾಯಾದಿಗಳಾದ ಆಂಫಿಪಾಡುಗಳು 300ಕ್ಕೂ ಮಿಕ್ಕ ಜಾತಿಗಳಾಗಿ ಕವಲೊಡೆದಿವೆ. ಕೆಸರಿಗೆ ಕೆಲವು, ದಡದ ಕಲ್ಲಿಗೆ ಕೆಲವು, ನಡುನೀರಿಗೆ ಒಂದು. ಹೆಚ್ಚಿನವು ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲ.

ನಮ್ಮ ಬಳ್ಳಾರಿಯ ಸೀಮೆಗೆ ಆ ಭಾಗ್ಯವೆಲ್ಲಿಯದು? ಇಲ್ಲಿ ಮಳೆನೀರು ಬಂಡೆಯ ತೆಗ್ಗುಗಳಲ್ಲಿ, ಆಳವಿಲ್ಲದ ದೊಣೆಗಳಲ್ಲಿ ಕೆಲವು ವಾರ ನಿಂತು ಆರಿಹೋಗುತ್ತದೆ. ದಕ್ಷಿಣ ಭಾರತದ ಇಂಥ ಗುಂಡಿಗಳಲ್ಲಿ ಸ್ಟ್ರೆಪ್ಟೊಸೆಫಾಲಸ್ ಎಂಬ, ಸಿಗಡಿಯನ್ನು ಹೋಲುವ ಪುಟ್ಟ ಜೀವಿ ಉಂಟು. ನೀರು ಆರುವ ಮುನ್ನ ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆ ಬೇಸಗೆಯ ಬಿಸಿಲಿನಲ್ಲಿ ಒಣಗಿದರೂ ಸಾಯದು. ಮಳೆ ಬಿದ್ದೊಡನೆ ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ ಎಂಬುದು ಈ ಬಳಗದ ವಿಸ್ಮಯ. ಕೆಲವು ಒಡೆಯುತ್ತವೆ, ಉಳಿದವು ಮಣ್ಣಿನಲ್ಲಿಯೇ ಇನ್ನೊಂದು ಮಳೆಗೆ, ಇನ್ನೊಂದು ವರ್ಷಕ್ಕೆ ಕಾದಿರುತ್ತವೆ. ಮೊದಲ ಮಳೆ ಮೋಸ ಮಾಡಿದರೂ ವಂಶ ಅಳಿಯದು. ಬೇರೆ ಬೇರೆ ವರ್ಷಗಳ ತಾಯಂದಿರ ಬೇರೆ ಬೇರೆ ಗುಣಗಳು ಒಂದು ಹಿಡಿ ಮಣ್ಣಿನಲ್ಲಿ ಕೂಡಿರುತ್ತವೆ.

ಕುರುಗೋಡಿನ ಕಡೆಯ ನಮ್ಮ ಸೋದರಮಾವ ಎರಿ ಹೊಲದವರು. "ಇದ್ದಬದ್ದ ಬೀಜ ಎಲ್ಲಾ ಒಂದಾ ಮಳಿಗೆ ಹಾಕಿದ್ರ ಹೆಂಗೋ ಅಳಿಯಾ?" ಎನ್ನುತ್ತಿದ್ದರು. ಮಣ್ಣಿನ ಮೊಟ್ಟೆಯ ವಿಷಯ ಓದಿದಾಗ ನನಗೆ ಮೊದಲು ನೆನಪಾದುದು ಆ ಮಾತು.

ಆದರೆ ಇಲ್ಲಿಂದ ನೀತಿಯನ್ನು ಎತ್ತಿಕೊಳ್ಳಲು ನನಗೆ ಸಂಕೋಚ. ಮೊಟ್ಟೆಗೆ ಸಂಯಮವೂ ಇಲ್ಲ, ವಿವೇಕವೂ ಇಲ್ಲ. ಪ್ರಕೃತಿ ಹೀಗೆ ಮಾಡುತ್ತದೆ, ಆದ್ದರಿಂದ ನಾವೂ ಹೀಗೆ ಮಾಡತಕ್ಕದ್ದು ಎಂಬ ವಾದ ಕುಂಟುತ್ತದೆ. ಅದೂ ಅಲ್ಲದೆ ಎದುರು ಸಾಕ್ಷಿಯೊಂದಿದೆ. ಡಾರ್ವಿನುಲ ಸ್ಟೀವನ್‌ಸೋನಿ ಎಂಬ ಆಸ್ಟ್ರಕಾಡ್ ಗಂಡಿನ ಸಂಗವಿಲ್ಲದೆ, ಹೆಣ್ಣಿನಿಂದ ಹೆಣ್ಣಾಗಿ, ಸುಮಾರು 2 ಕೋಟಿ ವರ್ಷಗಳಿಂದ ನಡೆದುಬಂದಿದೆಯೆಂದು ಜೀವವಿಜ್ಞಾನಿಗಳ ಎಣಿಕೆ. ಒಂದಕ್ಕೂ ಇನ್ನೊಂದಕ್ಕೂ ವಂಶಗುಣದಲ್ಲಿ ವ್ಯತ್ಯಾಸ ತೀರ ಕಡಿಮೆ. ಆದರೂ ಅದು ಅನೇಕ ಖಂಡಗಳ ಸಿಹಿನೀರಿನಲ್ಲಿ ಬಾಳುತ್ತಿದೆ. ಬಗೆಬಗೆಯಾಗಿದ್ದರೆ ಮಾತ್ರ ಉಳಿವು ಎಂದು ಪಾಠ ಹೇಳುವವರ ಬಾಯಿಯನ್ನು ಈ ಹುಳುವಿನಷ್ಟರ ಜೀವ ಕಟ್ಟಿಬಿಡುತ್ತದೆ.

ಹಾಗಿದ್ದರೆ ಮಾವನ ಮಾತಿಗೆ ಆಧಾರವೇನು? ಮುಂದಿನ ಮಳೆ ಎಂಥದೆಂದು ತನಗೆ ತಿಳಿಯದು ಎಂಬುದು ಅವರಿಗೆ ತಿಳಿದಿತ್ತು. ಮೊಟ್ಟೆಗೆ ಅದು ತಿಳಿಯದು. ಈ ತಿಳಿವಿಗೆ ಬೆಲೆಯನ್ನೂ ತೆರಬೇಕಾಗುತ್ತದೆ. ಬರದ ವರ್ಷವೊಂದರಲ್ಲಿ ಬೀಜದ ಜೋಳ ಮನೆಯಲ್ಲಿದ್ದೂ ಮಕ್ಕಳಿಗೆ ತೆಳ್ಳನೆಯ ಗಂಜಿ ಕಾಸಿ ಬಡಿಸಿದ್ದನ್ನು ಅತ್ತೆ ಹೇಳುತ್ತಿದ್ದರು. ಆ ಮಾತಿನಲ್ಲಿ ಹೆಮ್ಮೆಯಿರಲಿಲ್ಲ. ಹುಟ್ಟಿರುವ ಮಗುವಿನ ಹಸಿವಿಗಿಂತ ಇನ್ನೂ ಬೀಳದ ಮಳೆ ಹೆಚ್ಚಿನದೆಂದು ತೀರ್ಮಾನಿಸಲು ಯಾರಿಗೆ ಅಧಿಕಾರ? ಅತ್ತೆ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ; ಆದರೂ ಆ ಜೋಳವನ್ನು ಮುಟ್ಟಿರಲಿಲ್ಲ.

ಪಾರ್ವತಿನಗರದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನಾನು ಊರಂಚಿನಲ್ಲಿ ನಿವೇಶನವೊಂದನ್ನು ಕೊಂಡಿದ್ದೇನೆ. ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದ ತಗ್ಗು ಅದು. ಹನ್ನೆರಡು ಲಾರಿ ಮಣ್ಣು ಹೊಡೆಸಿ ಮಟ್ಟ ಮಾಡಿಸಿದೆ. ಆಗ ನನ್ನ ಮನೆಯಲ್ಲಿ ಯಾರೂ ಹಸಿದಿರಲಿಲ್ಲ.